ಶಾಖತಡೆ ತಗಡು ಮತ್ತು ದೂರುಗಳ ಲೆಕ್ಕ

2010ರಲ್ಲಿ ಟಾಟಾ ನ್ಯಾನೊ ಕಾರುಗಳು ಅಲ್ಲಲ್ಲಿ ಹೊತ್ತಿ ಉರಿದ ಪ್ರಕರಣಗಳು ಬೆರಳೆಣಿಕೆಯಷ್ಟೇ ಆಗಿದ್ದರೂ ದೇಶದ ಗಮನ ಸೆಳೆದವು. ತನಿಖೆ ನಡೆಸಿದ ಕಂಪನಿ, ವಿನ್ಯಾಸದಲ್ಲಿ ದೋಷವಿಲ್ಲ, ಹೊರಗಿನಿಂದ ಅಳವಡಿಸಿದ ವಿದ್ಯುತ್ ಸಲಕರಣೆ ಅಥವಾ ಹೊಗೆಕೊಳವೆಯ ಮೇಲೆ ಉಳಿದ ಅನ್ಯವಸ್ತು ಇದಕ್ಕೆ ಕಾರಣ ಎಂದಿತು. ಆದರೂ ಅದೇ ನವೆಂಬರ್‌ನಲ್ಲಿ ಹೊಗೆಕೊಳವೆ ಹಾಗೂ ವಿದ್ಯುತ್ ವ್ಯವಸ್ಥೆಗೆ ಉಚಿತವಾಗಿ ಹೆಚ್ಚುವರಿ ರಕ್ಷಣೆ ಒದಗಿಸಲು ಮುಂದಾಯಿತು. ಇದು ‘ರಿಕಾಲ್’ ಅಲ್ಲವೆಂಬುದು ಅದರ ನಿಲುವಾಗಿತ್ತು.

ಪೆಟ್ರೋಲ್ ಎಂಜಿನ್ನಿನಿಂದ ಹೊರಬೀಳುವ ಅನಿಲದ ಉಷ್ಣತೆ ಭಾರ ಹೆಚ್ಚಿದಾಗ 700ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿಗೆ 100 ಡಿಗ್ರಿಯ ಆಸುಪಾಸೇ ಮಿತಿ. ಇವೆರಡರ ನಡುವೆ ಇರುವುದು ಅಲ್ಪ ಅಂತರ ಮತ್ತು ತೆಳುವಾದ ಲೋಹದ ತಗಡು. ತಗಡು ಶಾಖವನ್ನು ಪ್ರತಿಫಲಿಸುತ್ತದೆ. ನಡುವೆ ಹರಿಯುವ ಗಾಳಿ ಉಳಿದುದನ್ನು ಒಯ್ಯುತ್ತದೆ. ತಗಡು ಸಡಿಲಗೊಂಡು ಕೊಳವೆಗೆ ತಾಗಿದರೆ, ಕಾಯಬೇಕಾದುದೇ ಕಾದು ಶಾಖವನ್ನು ದಾಟಿಸುತ್ತದೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ಇಲ್ಲಿನ ತೊಡಕು ಸ್ಪಷ್ಟ. ಗ್ರಾಹಕ ಬೆಲೆ, ಬಣ್ಣ, ಮೈಲೇಜ್ ನೋಡಿ ಕಾರು ಕೊಳ್ಳುತ್ತಾನೆಯೇ ಹೊರತು ಅದರಡಿ ಬಗ್ಗಿ ತಗಡನ್ನು ಪರೀಕ್ಷಿಸುವುದಿಲ್ಲ. ಕಾಣದ ಗುಣಕ್ಕೆ ಮಾರುಕಟ್ಟೆ ಬೆಲೆ ಕಟ್ಟದು. ಆ ಕೊರತೆಯನ್ನು ಕಾನೂನೇ ತುಂಬಬೇಕು.

ನ್ಯಾನೊ ಕಾಲದಲ್ಲಿ ಅಂಥ ಕಾನೂನು ಇರಲಿಲ್ಲ. 2012ರಲ್ಲಿ ತಯಾರಕರ ಸಂಘ ಸ್ವಯಂಪ್ರೇರಿತ ಸಂಹಿತೆಯೊಂದನ್ನು ರೂಪಿಸಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ದೋಷಪೂರಿತ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಇದು ಸ್ವಾಗತಾರ್ಹವೇ. ಆದರೆ ಮಾರಾಟದ ಪ್ರಮಾಣಕ್ಕೆ ತಕ್ಕಂತೆ ಇಂತಿಷ್ಟು ದೂರುಗಳು ಬಂದರೆ ಕ್ರಮ ಎಂಬ ಅಳತೆಗೋಲು ಬೆಂಕಿಯ ವಿಷಯದಲ್ಲಿ ಹೊಂದದು. ಗೇರು ಸರಿಯಾಗಿ ಬೀಳದಿದ್ದರೆ ಸಾವಿರ ಮಂದಿ ದೂರಿಯಾರು. ಸುಟ್ಟು ಬೂದಿಯಾದ ಕಾರು ತನ್ನ ಸಾಕ್ಷ್ಯವನ್ನೂ ಸುಟ್ಟುಕೊಂಡಿರುತ್ತದೆ. ಇಲ್ಲಿ ದೂರುಗಳ ಸಂಖ್ಯೆಗಿಂತ ಅಪಾಯದ ತೀವ್ರತೆ ಮುಖ್ಯ.

ಪರೀಕ್ಷಾ ಸಂಸ್ಥೆಯ ಅಥವಾ ಬೇರೆ ಮೂಲದ ವರದಿಯನ್ನೂ ಆಧಾರವಾಗಿಸಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ಸರ್ಕಾರ ಅದನ್ನು ಬಳಸಿಕೊಳ್ಳಬೇಕು. ಹೊತ್ತಿ ಉರಿದ ಪ್ರತಿಯೊಂದು ವಾಹನವನ್ನೂ ವಿಮಾ ಪರಿಹಾರದ ಲೆಕ್ಕಕ್ಕಷ್ಟೇ ಅಲ್ಲ, ಕಾರಣ ಶೋಧನೆಗಾಗಿಯೂ ತಜ್ಞರು ಪರಿಶೀಲಿಸಬೇಕು. ವರದಿಗಳು ಒಂದೆಡೆ ಸೇರಿ ಸಾರ್ವಜನಿಕರಿಗೆ ದೊರಕಬೇಕು. ಸರ್ವೀಸಿಗೆ ಬಿಟ್ಟಾಗ ಆ ತಗಡು ಭದ್ರವಾಗಿದೆಯೇ ಎಂದು ಕೇಳುವ ಹೊಣೆ ಮಾಲೀಕರದೂ ಹೌದು. ಆದರೆ ಹತ್ತಾರು ಕಾರು ಉರಿದ ಮೇಲೆ ಎಚ್ಚರಗೊಳ್ಳುವ ವ್ಯವಸ್ಥೆಯನ್ನು ಸುರಕ್ಷತೆಯೆಂದು ಕರೆಯಲಾಗದು.