ಇಡ್ಲಿಯ ಲೆಕ್ಕದಲ್ಲಿ ಬಾಡಿಗೆ ಇಲ್ಲ

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ನೂರು ವರ್ಷ ದಾಟಿದೆ. ಹೋಟೆಲ್ ಶುರುವಾದದ್ದು 1924ರಲ್ಲಿ. ಈಗ ನಾವು ಸಾಲು ನಿಲ್ಲುವ ಕಟ್ಟಡಕ್ಕೆ ಅದು ಬಂದದ್ದು 1960ರಲ್ಲಿ. ನೂರರ ನೆಪದಲ್ಲಿ ರವೆ ಇಡ್ಲಿಯ ಬಗ್ಗೆ ಬೇಕಾದಷ್ಟು ಬಂತು. ನಾನು ಹೇಳಬೇಕೆಂದಿರುವುದು ಕಟ್ಟಡದ ಬಗ್ಗೆ. ನಮ್ಮಪ್ಪ ಕುಂದಾಪುರದ ಕಡೆಯಿಂದ ಬೆಂಗಳೂರಿಗೆ ಬಂದು ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಕಳೆದರು. ನಾನು ಅಂಥ ಹೋಟೆಲುಗಳ ಲೆಕ್ಕಪತ್ರ ಬರೆಯುತ್ತೇನೆ. ಹಾಗಾಗಿ ಒಂದು ಹಳೆಯ ಹೋಟೆಲ್ ಯಾಕೆ ಉಳಿಯಿತು, ಇನ್ನೊಂದು ಯಾಕೆ ಮುಚ್ಚಿತು ಎಂಬ ಪ್ರಶ್ನೆ ನನಗೆ ಮನೆಮಾತಿನಷ್ಟು ಹತ್ತಿರದ್ದು.

ಎಂಟಿಆರ್ ಶುರು ಮಾಡಿದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಬಂದದ್ದು ಅಡುಗೆ ಕೆಲಸಕ್ಕೆ. ಅವರು ತೆರೆದ ಪುಟ್ಟ ಹೋಟೆಲಿಗೆ ಮೊದಲಿದ್ದ ಹೆಸರು ಬ್ರಾಹ್ಮಣ್ ಕಾಫಿ ಕ್ಲಬ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಎಂದು ಅವರ ಮನೆಯವರು ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1951ರ ಸಂಗತಿ. ಆ ವರ್ಷ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಕೊಂಡು ಬಂದರು. ಬಂದವರೇ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಅಡುಗೆಮನೆಯನ್ನು ಯಾರು ಬೇಕಾದರೂ ಬಂದು ನೋಡಬಹುದು ಎಂದರು. ಹೋಟೆಲಿನ ಅಡುಗೆಮನೆ ಎಂದರೆ ಮಸಿ, ಹೊಗೆ, ಬಚ್ಚಿಟ್ಟ ಬಾಗಿಲು ಎಂದಿದ್ದ ಕಾಲ ಅದು. ಅಪ್ಪ ದುಡಿದದ್ದೂ ಅಂಥ ಹೊಗೆಯಲ್ಲೇ. ಅಡುಗೆ ಮಾಡುವವನ ಕೈ ಗಿರಾಕಿಗೆ ಕಾಣಲಿ ಎಂದುಕೊಂಡ ಮಾಲೀಕ ಆ ಅಡುಗೆಯವನಿಗೂ ಮರ್ಯಾದೆ ಕೊಟ್ಟ ಹಾಗೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ಸಂಗತಿ ತುರ್ತು ಪರಿಸ್ಥಿತಿಯ ಕಾಲದ್ದು. 1975ರಲ್ಲಿ ಹೋಟೆಲ್ ತಿಂಡಿಗೆ ಸರಕಾರವೇ ದರ ಕಟ್ಟಿತು. ಆ ದರಕ್ಕೆ ಆ ಗುಣಮಟ್ಟ ಗಿಟ್ಟುತ್ತಿರಲಿಲ್ಲ. ತುಪ್ಪ ಕಡಿಮೆ ಮಾಡಬಹುದಿತ್ತು, ಡಿಕಾಕ್ಷನ್‌ಗೆ ನೀರು ಬೆರೆಸಬಹುದಿತ್ತು. ಎಂಟಿಆರ್‌ನವರು ಅದೇನೂ ಮಾಡದೆ, ಸರಕಾರ ಹೇಳಿದ ದರಕ್ಕೇ ಬಡಿಸಿ, ದಿನದ ನಷ್ಟ ಎಷ್ಟಾಯಿತೆಂದು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕಿದರು. ಕೊನೆಗೆ ಬಾಗಿಲು ಹಾಕಬೇಕಾಯಿತು. ಕೆಲಸಗಾರರನ್ನು ಕೈಬಿಡಬಾರದೆಂದು ಮಸಾಲೆ ಪುಡಿ, ತಿಂಡಿ ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿದರು. ಹೋಟೆಲ್ ಮತ್ತೆ ತೆರೆದದ್ದು 1984ರಲ್ಲಿ. ಲೆಕ್ಕ ಬರೆಯುವವಳಾಗಿ ಆ ಬೋರ್ಡಿಗೆ ನಾನು ಕೈ ಮುಗಿಯುತ್ತೇನೆ. ಜಮಾ ಖರ್ಚನ್ನು ಬೀದಿಗೆ ತೆರೆದಿಟ್ಟು ಸರಕಾರದ ಜೊತೆ ವಾದಿಸಿದ ವ್ಯಾಪಾರಿಗಳು ಎಷ್ಟು ಜನ?

ಆ ಪುಡಿ, ಮಿಕ್ಸ್‌ಗಳ ಕಂಪನಿ ಬೆಳೆದು 2007ರಲ್ಲಿ ನಾರ್ವೆಯ ಆರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲ್ ಮಾತ್ರ ಮಯ್ಯರ ಕುಟುಂಬದಲ್ಲೇ ಉಳಿಯಿತು. ರವೆ ಇಡ್ಲಿಯ ಪೊಟ್ಟಣ ಇವತ್ತು ಯಾವ ದೇಶದ ಅಂಗಡಿಯಲ್ಲಾದರೂ ಸಿಕ್ಕೀತು. ಮಹಡಿ ಹತ್ತಿ ಸರದಿಗೆ ಕಾಯುವುದು, ಗುರುತಿಲ್ಲದವರ ಎದುರು ಕೂತು ಒಂದೇ ಮೇಜಿನಲ್ಲಿ ಉಣ್ಣುವುದು, ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯುವುದು ಪೊಟ್ಟಣದಲ್ಲಿ ಬರುವುದಿಲ್ಲ. ಅದಕ್ಕೆ ಆ ಗೋಡೆಗಳೇ ಬೇಕು.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಎಂಟಿಆರ್‌ನ ಪುಸ್ತಕ ನಾನು ಕಂಡವಳಲ್ಲ, ನಾನು ಬರೆಯುವ ಸಣ್ಣ ಹೋಟೆಲುಗಳ ಮಾತು ಹೇಳುತ್ತೇನೆ. ಸ್ವಂತ ಕಟ್ಟಡದ ಹೋಟೆಲಿನ ಖರ್ಚಿನ ಪುಟದಲ್ಲಿ ಅಕ್ಕಿ, ಉದ್ದು, ತುಪ್ಪ, ಗ್ಯಾಸ್, ಸಂಬಳ, ಕರೆಂಟು ಎಲ್ಲ ಇರುತ್ತದೆ. ಬಾಡಿಗೆ ಎಂಬ ಸಾಲು ಇರುವುದಿಲ್ಲ. ಅದೇ ರಸ್ತೆಯ ಬಾಡಿಗೆಯನ್ನು ಆ ಪುಟಕ್ಕೆ ಸೇರಿಸಿ ಕೂಡಿದರೆ ಇಡ್ಲಿ ವಡೆಯ ಲಾಭ ಕರಗಿ ನಷ್ಟಕ್ಕೆ ಬರುತ್ತದೆ. ಅಂದರೆ ನಾವು ತಿನ್ನುವ ಒಂದೊಂದು ಪ್ಲೇಟಿನಲ್ಲೂ ಆ ಕುಟುಂಬ ತನ್ನ ಬಾಡಿಗೆಯನ್ನು ಬಿಟ್ಟುಕೊಟ್ಟಿದೆ. ಬಾಡಿಗೆ ಕಟ್ಟಡದವರ ಪಾಡು ಇನ್ನೂ ಕಷ್ಟ. 2017ರ ನವೆಂಬರಿನಿಂದ ಇಂಥ ಹೋಟೆಲುಗಳು ಗಿರಾಕಿಯಿಂದ ಶೇ 5ರ ಜಿಎಸ್‌ಟಿ ವಸೂಲು ಮಾಡುತ್ತವೆ, ಆದರೆ ತಾವು ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಬಾಡಿಗೆಯ ಮೇಲಿನ ಶೇ 18 ಪೂರ್ತಿ ಹೋಟೆಲ್ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ.

ಸ್ವಂತ ಕಟ್ಟಡವಿದ್ದೂ ಹೋಟೆಲುಗಳು ಮುಚ್ಚುವುದು ಬಹುಪಾಲು ಪಾಲು ಮಾಡುವ ದಿನ. ಪೇಟೆಯಲ್ಲಿ ಮೂವರು ಅಣ್ಣ ತಮ್ಮಂದಿರ ಹೋಟೆಲೊಂದರ ಲೆಕ್ಕ ನಮ್ಮಲ್ಲಿತ್ತು. ತಂದೆ ತೀರಿಕೊಂಡ ಮೇಲೆ ಜಾಗಕ್ಕೆ ಬೆಲೆ ಕಟ್ಟಿಸಿದರು. ಗಲ್ಲಾದಲ್ಲಿ ಕೂರುತ್ತಿದ್ದ ಹಿರಿಯಣ್ಣನಿಗೆ ಹೋಟೆಲ್ ನಡೆಸುವ ಮನಸ್ಸಿತ್ತು. ತಮ್ಮಂದಿರಿಗೆ ಅವರವರ ಪಾಲಿನ ಹಣ ಕೊಡಲು ಅವರ ಬಳಿ ದುಡ್ಡಿರಲಿಲ್ಲ. ಇಡ್ಲಿಯ ಆದಾಯ ನೋಡಿ ಅಷ್ಟು ಸಾಲ ಕೊಡುವ ಬ್ಯಾಂಕೂ ಸಿಗಲಿಲ್ಲ. ಜಾಗ ಮಾರಾಟವಾಯಿತು. ತಮ್ಮಂದಿರನ್ನು ನಾನು ದೂರುವುದಿಲ್ಲ, ಅವರಿಗೂ ಮಕ್ಕಳಿದ್ದರು. ಆದರೆ ಕೆಲಸ ಕಳೆದುಕೊಂಡ ಅಡುಗೆಯವರು ನಮ್ಮ ಕಚೇರಿಗೆ ಬಂದು ಪಿಎಫ್ ಅರ್ಜಿಗೆ ಸಹಿ ಹಾಕಿ ಹೋದದ್ದು ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ.

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸುಮಾರು 70 ವರ್ಷ ನಡೆದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಕುಟುಂಬದ್ದಲ್ಲದೆ ಕೆಲಸಗಾರರ ಸಹಕಾರ ಸಂಘದ್ದಾದರೂ, ಇಂಡಿಯನ್ ಕಾಫಿ ಹೌಸ್ ಕೂಡ 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಪ್ರತಿ ಸಲವೂ ನಾವು ಕೊನೆಯ ದಿನ ಹೋಗಿ ಫೋಟೊ ತೆಗೆದುಕೊಂಡು ಕಣ್ಣೀರು ಹಾಕುತ್ತೇವೆ. ಪಾಲಿಕೆಯಾಗಲಿ ಸರಕಾರವಾಗಲಿ ಒಂದು ಮಾತೂ ಆಡುವುದಿಲ್ಲ. ಆಡಲು ಅವರ ಕೈಯಲ್ಲಿ ಕಾನೂನೂ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನೋಡುವುದು ಕಟ್ಟಡಕ್ಕೆ ನೂರು ವರ್ಷ ಆಗಿದೆಯೇ ಎಂದು. ಎಂಟಿಆರ್ ಹೋಟೆಲಿಗೆ ನೂರಾಗಿದೆ, ಅದರ ಕಟ್ಟಡಕ್ಕೆ ಆಗಿಲ್ಲ. ಒಳಗೆ ನಡೆಯುತ್ತಿರುವ ಬದುಕಿಗೆ ಆ ಕಾಯ್ದೆಯಲ್ಲಿ ಜಾಗವೇ ಇಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಿಂದ ಹಳೆಯ ಅಂಗಡಿ, ಹೋಟೆಲುಗಳ ಪಟ್ಟಿ ಮಾಡುತ್ತಿದೆ. ಪಟ್ಟಿಗೆ ಸೇರಲು ಸಾಮಾನ್ಯವಾಗಿ 30 ವರ್ಷ ನಡೆದಿರಬೇಕು. ಅಂಥವರಿಗೆ ದೀರ್ಘಾವಧಿಯ ಕರಾರು ಬರೆದುಕೊಡುವ ಕಟ್ಟಡದ ಮಾಲೀಕರಿಗೂ ನಗರದಿಂದ ಧನಸಹಾಯ ಸಿಗುವ ಹಾಗೆ ಮಾಡಿದರು. ಶ್ರೀಮಂತ ದೇಶದ ಮಾತು ಎಂದು ತಳ್ಳಿಹಾಕಬೇಡಿ. ಪಟ್ಟಿ ಮಾಡಲು ಒಂದು ರಿಜಿಸ್ಟರ್ ಸಾಕು.

ನಮಗೆ ಬೇಕಾದದ್ದು ಇಷ್ಟು. 50 ವರ್ಷ ಒಂದೇ ಕಡೆ ನಡೆದ ಹೋಟೆಲುಗಳ ಪಟ್ಟಿಯನ್ನು ಪಾಲಿಕೆ ಮಾಡಲಿ. ಹೋಟೆಲ್ ನಡೆಯುವಷ್ಟು ಕಾಲ ಆ ಕಟ್ಟಡಕ್ಕೆ ಆಸ್ತಿ ತೆರಿಗೆಯಲ್ಲಿ ಅರ್ಧ ಬಿಡಲಿ. ಮುಚ್ಚಿ ಮಾರಿದರೆ ಬಿಟ್ಟ ತೆರಿಗೆಯನ್ನು ವಸೂಲು ಮಾಡಿಕೊಳ್ಳಲಿ. ಪಾಲಿನ ದಿನ ಹೋಟೆಲ್ ನಡೆಸುತ್ತೇನೆಂದು ಮುಂದೆ ಬರುವವರಿಗೆ ಉಳಿದವರ ಪಾಲನ್ನು ಕೊಳ್ಳಲು ಕಡಿಮೆ ಬಡ್ಡಿಯ ಸಾಲವನ್ನು ಸರಕಾರ ಕೊಡಿಸಲಿ. ಮೂರರಲ್ಲಿ ಮುಖ್ಯವಾದದ್ದು ಸಾಲ. ತೆರಿಗೆ ಬಿಟ್ಟರೆ ಹೋಟೆಲಿನ ಉಸಿರಾಟ ಸಲೀಸಾಗುತ್ತದೆ. ಪಾಲಿನ ದಿನ ಅದನ್ನು ಉಳಿಸುವುದು ಸಾಲವೊಂದೇ.

ಪಾಲಿಕೆ ಚುನಾವಣೆಗೆ ಮತ ಕೇಳಿಕೊಂಡು ನಿಮ್ಮ ಬೀದಿಗೆ ಬರುವವರ ಮುಂದೆ ನಿಮ್ಮ ವಾರ್ಡಿನ ಹಳೆಯ ಹೋಟೆಲಿನ ಹೆಸರು ಹೇಳಿ, ಈ ಮೂರನ್ನೂ ಕೇಳಿ.