ಹಳೆಯ ಮೋಟಾರ್ ಸೈಕಲ್: ಮೊದಲು ಕಣ್ಣು, ಆಮೇಲೆ ಕೈ

ಮನೆಯ ಯಜಮಾನರು ತೀರಿಕೊಂಡ ಬಳಿಕ ಅವರ ಕನ್ನಡಕ, ಕೈಗಡಿಯಾರ, ಡೈರಿಗಳನ್ನು ಜೋಪಾನವಾಗಿ ಎತ್ತಿಡುತ್ತೇವೆ. ಆದರೆ ಹಿತ್ತಿಲ ಶೆಡ್ಡಿನಲ್ಲಿ ಗೋಣಿ ಹೊದ್ದು ನಿಂತಿರುವ ಅವರ ಹಳೆಯ ಮೋಟಾರ್ ಸೈಕಲ್ಲಿನ ಮಾತು ಬಂದಾಗ ಮನೆಯಲ್ಲಿ ಎರಡೇ ಅಭಿಪ್ರಾಯ. ಗುಜರಿಯವನಿಗೆ ತೂಕಕ್ಕೆ ಹಾಕಿಬಿಡಿ ಎಂಬುದು ಒಂದು. ಇವತ್ತೇ ಪೆಟ್ರೋಲ್ ಹಾಕಿ ಕಿಕ್ ಹೊಡೆಯೋಣ ಎಂಬುದು ಕಾಲೇಜಿಗೆ ಹೋಗುವ ಮಗನದ್ದು. ಎರಡೂ ಅವಸರದ ತೀರ್ಮಾನಗಳೇ. ಮೂರನೆಯ ದಾರಿಯೊಂದಿದೆ. ಅದನ್ನು ಅರಿತು, ಸರಿಪಡಿಸಿ, ಕಾಪಾಡುವುದು.

ಇದು ಗಂಡಸರ ಕೆಲಸ, ನಮಗೇಕೆ ಎಂದು ಸಹೋದರಿಯರು ಪುಟ ಮಗುಚಬೇಡಿ. ಈ ಕೆಲಸಕ್ಕೆ ತೋಳ್ಬಲಕ್ಕಿಂತ ಅಚ್ಚುಕಟ್ಟು, ಶುಚಿ ಮತ್ತು ತಾಳ್ಮೆ ಹೆಚ್ಚು ಬೇಕು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಬಾಬಿನ್ ಬಿಚ್ಚಿ ಜೋಡಿಸಬಲ್ಲ ಕೈಗೆ ಇದು ದೂರದ ವಿದ್ಯೆಯಲ್ಲ.

ಬೇರು ಎಲ್ಲಿಯದು?

ಬಿಎಸ್‌ಎ, ನಾರ್ಟನ್, ಟ್ರಯಂಫ್, ಮ್ಯಾಚ್‌ಲೆಸ್, ರಾಯಲ್ ಎನ್‌ಫೀಲ್ಡ್. ಇವೆಲ್ಲ ಇಂಗ್ಲೆಂಡಿನ ಕಾರ್ಖಾನೆಗಳ ಹೆಸರುಗಳು. ಒಂದು ಕಾಲದಲ್ಲಿ ಜಗತ್ತಿನ ರಸ್ತೆಗಳಲ್ಲಿ ಇವುಗಳದ್ದೇ ಸದ್ದು. ಇವುಗಳಲ್ಲಿ ನಮಗೆ ಹತ್ತಿರವಾದುದು ಬುಲೆಟ್. ಅದು ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್ ಪಟ್ಟಣದಲ್ಲಿ. 1955ರಲ್ಲಿ ಮದ್ರಾಸಿನಲ್ಲಿ ಅದರ ತಯಾರಿಗಾಗಿ ಎನ್‌ಫೀಲ್ಡ್ ಇಂಡಿಯಾ ಕಂಪೆನಿ ಆರಂಭವಾಯಿತು. 1970ರಲ್ಲಿ ಇಂಗ್ಲೆಂಡಿನಲ್ಲಿ ಆ ಕಂಪೆನಿಯ ಬಾಗಿಲು ಮುಚ್ಚಿತು, ಮದ್ರಾಸಿನಲ್ಲಿ ಮಾತ್ರ ಕೆಲಸ ಮುಂದುವರಿಯಿತು. ಹಾಗಾಗಿ ನಮ್ಮೂರುಗಳಲ್ಲಿ ಕಾಣುವ 346 ಸಿಸಿಯ ಹಳೆಯ ಬುಲೆಟ್ಟು ತಮಿಳುನಾಡಿನಲ್ಲಿ ತಯಾರಾದರೂ ಅದರ ನಕ್ಷೆ ಇಂಗ್ಲೆಂಡಿನದ್ದೇ. ಅದನ್ನು ನೋಡಿಕೊಳ್ಳುವ ಕ್ರಮವೂ ಆ ದೇಶದ ಹಳೆಯ ಬೈಕುಗಳದ್ದೇ.

ಆ ದೇಶದಲ್ಲಿ ಈ ಯಂತ್ರಗಳನ್ನು ಬಿಚ್ಚಿ ಜೋಡಿಸಿದವರಲ್ಲಿ ಹೆಂಗಸರೂ ಇದ್ದರು. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರ್ ತನ್ನ ನಾರ್ಟನ್ ಬೈಕನ್ನು ತಾನೇ ಹದಗೊಳಿಸಿ, 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಸುತ್ತು ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಯುದ್ಧ ವಿಮಾನಗಳು ಥಟ್ಟನೆ ಮೂತಿ ತಗ್ಗಿಸಿ ಕೆಳಗಿಳಿಯುವಾಗ ಇಂಜಿನ್ ತಡವರಿಸುತ್ತಿತ್ತು. 1941ರಲ್ಲಿ ಆಕೆ ಅದಕ್ಕೆ ಕಂಡುಕೊಂಡ ಪರಿಹಾರ, ಇಂಧನದ ಹರಿವನ್ನು ಮಿತಿಗೊಳಿಸುವ, ನಡುವೆ ತೂತಿರುವ ಒಂದು ಪುಟ್ಟ ಲೋಹದ ತುಂಡು. ಯಂತ್ರದ ವಿಷಯದಲ್ಲಿ ಸಣ್ಣದ್ದು ಎಂಬುದು ಯಾವುದೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಮೊದಲು ಕಾಗದ, ಆಮೇಲೆ ಯಂತ್ರ

ನಟ್ಟಿಗೆ ಕೈ ಹಾಕುವ ಮೊದಲು ಬೈಕು ಯಾರದ್ದೆಂದು ಕೇಳಿಕೊಳ್ಳಿ. ಮೃತರು ಬಿಟ್ಟುಹೋದ ಸೊತ್ತಿನಲ್ಲಿ ಪತ್ನಿಗೂ ಹೆಣ್ಣುಮಕ್ಕಳಿಗೂ ಪಾಲಿದೆ. ಮನೆ, ಜಮೀನು, ಚಿನ್ನದ ಲೆಕ್ಕ ಹಾಕುವಾಗ ಬೈಕು ಗಂಡುಮಕ್ಕಳದ್ದು ಎಂದು ಬದಿಗೆ ಸರಿಸುವುದು ನ್ಯಾಯವಲ್ಲ. ಸುಸ್ಥಿತಿಯ ಹಳೆಯ ಬೈಕಿಗೆ ಇಂದು ಒಳ್ಳೆಯ ಬೆಲೆಯಿದೆ. ಗುಜರಿಗೆ ಹಾಕುವುದಾದರೂ ಒಬ್ಬನೇ ಇಟ್ಟುಕೊಳ್ಳುವುದಾದರೂ ಎಲ್ಲ ವಾರಸುದಾರರ ಒಪ್ಪಿಗೆ ಇರಲಿ.

ಆರ್‌ಸಿ ಪುಸ್ತಕ ಹುಡುಕಿ, ಅದರಲ್ಲಿರುವ ಇಂಜಿನ್ ನಂಬರ್ ಮತ್ತು ಚಾಸಿ ನಂಬರ್ ಬೈಕಿನಲ್ಲಿ ಕೊರೆದಿರುವುದಕ್ಕೆ ಹೊಂದುತ್ತದೆಯೇ ನೋಡಿ. ಆರ್‌ಟಿಒದಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿ. ನೋಂದಣಿಯಾಗಿ 15 ವರ್ಷ ಕಳೆದ ವಾಹನಕ್ಕೆ ನವೀಕರಣವೂ ಬೇಕು. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಬೈಕನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಒಂದು ವಾರ ಬರೀ ನೋಡಿ

ಮೊದಲ ವಾರ ಕಿಕ್ ಹೊಡೆಯಬೇಡಿ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮಣ್ಣು, ಜಿಡ್ಡು ಒರೆಸುತ್ತಾ ಹೋಗಿ. ಒರೆಸುವಾಗಲೇ ಬೈಕು ತನ್ನ ಕಾಯಿಲೆ ಹೇಳುತ್ತದೆ. ಎಣ್ಣೆ ಎಲ್ಲಿಂದ ಜಿನುಗಿದೆ, ಯಾವ ನಟ್ಟು ಇಲ್ಲ, ಯಾವ ವಯರಿನ ಸಿಪ್ಪೆ ಹೋಗಿದೆ, ಎಲ್ಲವನ್ನೂ ಬರೆದಿಡಿ. ಯಾವುದೇ ಭಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚಿದ್ದನ್ನು ಹಳೆಯ ಮಸಾಲೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಿ. ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಸಂಪಾದಿಸಿ. ಅದಕ್ಕೆ ಕೊಡುವ ಹಣ ವ್ಯರ್ಥವಾಗುವುದಿಲ್ಲ.

ಸ್ಪ್ಯಾನರಿನ ಗುಟ್ಟು

ಹೊಸಬರು ಮೊದಲು ಎಡವುವುದು ಇಲ್ಲೇ. ಮನೆಯಲ್ಲಿರುವ ಸ್ಪ್ಯಾನರ್‌ಗಳು ಮಿಲಿಮೀಟರ್ ಲೆಕ್ಕದವು. ಹಳೆಯ ಬ್ರಿಟಿಷ್ ಬೈಕಿನ ನಟ್ಟುಗಳು ಹೆಚ್ಚಾಗಿ ವಿಟ್‌ವರ್ತ್ ಲೆಕ್ಕದವು. ಜೋಸೆಫ್ ವಿಟ್‌ವರ್ತ್ ಎಂಬ ಇಂಜಿನಿಯರ್ 1841ರಲ್ಲಿ ಮುಂದಿಟ್ಟ ಅಳತೆಯಿದು. ಇದರಲ್ಲಿ ಸ್ಪ್ಯಾನರಿನ ಮೇಲೆ ಬರೆದಿರುವ ಅಂಕೆ ನಟ್ಟಿನ ತಲೆಯ ಅಗಲವಲ್ಲ, ಬೋಲ್ಟಿನ ದಪ್ಪ. ಕಾಲು ಇಂಚು ಎಂದು ಬರೆದಿರುವ ವಿಟ್‌ವರ್ತ್ ಸ್ಪ್ಯಾನರಿನ ಬಾಯಿಯನ್ನು ಅಳೆದರೆ ಸುಮಾರು 13.3 ಮಿಲಿಮೀಟರ್ ಇರುತ್ತದೆ. ಆ ನಟ್ಟಿಗೆ 13ರ ಸ್ಪ್ಯಾನರ್ ಹೋಗುವುದಿಲ್ಲ. 14ರದ್ದು ಹೋಗುತ್ತದೆ, ಆದರೆ ಸಡಿಲ. ಬಲ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ. ಆಮೇಲೆ ಅದನ್ನು ಉಳಿಯಿಂದ ಕಡಿದೇ ತೆಗೆಯಬೇಕು. ಎಷ್ಟೋ ಬೈಕುಗಳು ಓಡಿ ಹಾಳಾಗಿಲ್ಲ, ಹೀಗೆ ರಿಪೇರಿಯಾಗಿಯೇ ಹಾಳಾಗಿವೆ. ಹಳೆಯ ಬುಲೆಟ್ಟುಗಳಲ್ಲೂ ಈ ಅಳತೆಯ ನಟ್ಟುಗಳಿವೆ, ನಂತರ ಬಂದವುಗಳಲ್ಲಿ ಮಿಲಿಮೀಟರಿನವೂ ಬೆರೆತಿವೆ. ಆದ್ದರಿಂದ ಮೊದಲ ಖರ್ಚು ಬಣ್ಣಕ್ಕಲ್ಲ, ಸರಿಯಾದ ಸ್ಪ್ಯಾನರ್ ಸೆಟ್ಟಿಗೆ ಇರಲಿ.

ಎಣ್ಣೆ, ಪೆಟ್ರೋಲ್, ಕರೆಂಟ್

ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಇಂಜಿನ್ ಆಯಿಲ್ ತನ್ನ ಜಾಗ ಬಿಟ್ಟು ಮೆಲ್ಲಮೆಲ್ಲನೆ ಕ್ರ್ಯಾಂಕ್ ಕೇಸಿನ ತಳಕ್ಕೆ ಇಳಿದಿರುತ್ತದೆ. ಬಿಎಸ್‌ಎ, ಟ್ರಯಂಫ್‌ಗಳಲ್ಲಿ ಆಯಿಲಿಗೆ ಬೇರೆಯೇ ಟ್ಯಾಂಕ್ ಇದೆ, ಬುಲೆಟ್ಟಿನಲ್ಲಿ ಇಂಜಿನ್ನಿನ ಎರಕದಲ್ಲೇ ಅದಕ್ಕೊಂದು ಕೋಣೆಯಿದೆ. ಎರಡರಲ್ಲೂ ಹಳೆಯ ಆಯಿಲನ್ನು ಪೂರ್ತಿ ಇಳಿಸಿ, ಮ್ಯಾನ್ಯುಯಲ್ ಹೇಳಿದ ಆಯಿಲ್ ತುಂಬಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಪ್ಲಗ್ ಹಾಕದೆಯೇ ಕಿಕ್ಕನ್ನು ಕೈಯಿಂದ ಮೆಲ್ಲನೆ ಒತ್ತಿ ನೋಡಿ. ಅಲುಗದಿದ್ದರೆ ಕಾಲಿನ ಬಲ ತೋರಿಸಬೇಡಿ. ಅದು ಮೆಕ್ಯಾನಿಕ್‌ನನ್ನು ಕರೆಯುವ ಸಮಯ.

ಟ್ಯಾಂಕಿನ ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮ ತೂತುಗಳನ್ನು ಮುಚ್ಚಿರುತ್ತದೆ. ಅದನ್ನು ಬಿಚ್ಚಿ ತೊಳೆಯಬೇಕು. ಆದರೆ ಆ ತೂತುಗಳಿಗೆ ತಂತಿ ತೂರಿಸಬೇಡಿ, ಅಗಲವಾದೀತು. ಗಾಳಿ ಊದಿಸಿದರೆ ಸಾಕು. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ನೀರಿನಂಶ ಹೀರುತ್ತದೆ, ಹಳೆಯ ಕಾಲದ ರಬ್ಬರ್ ಪೈಪು ಮತ್ತು ವಾಷರ್‌ಗಳನ್ನು ಮೆತ್ತಗಾಗಿಸುತ್ತದೆ. ಅವುಗಳನ್ನು ಹೊಸ ಬಗೆಯವಕ್ಕೆ ಬದಲಿಸಿ. ಬೈಕು ಓಡದ ತಿಂಗಳುಗಳಲ್ಲಿ ಕಾರ್ಬ್ಯುರೇಟರನ್ನು ಬರಿದು ಮಾಡಿಡಿ.

ಬ್ಯಾಟರಿ ಜೋಡಿಸುವಾಗ ಎಚ್ಚರ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಅನೇಕವು 6 ವೋಲ್ಟಿನವು. ಹಲವುಗಳಲ್ಲಿ ಬೈಕಿನ ಮೈಗೆ ಸೇರುವುದು ಪಾಸಿಟಿವ್ ವಯರ್, ಇಂದಿನ ಕ್ರಮಕ್ಕೆ ನೇರ ತದ್ವಿರುದ್ಧ. ಮ್ಯಾನ್ಯುಯಲ್ ನೋಡದೆ ಜೋಡಿಸಬಾರದು. ಕಿಡಿ ಸರಿಯಾಗಿ ಬರಬೇಕಾದರೆ ಕಾಂಟ್ಯಾಕ್ಟ್ ಪಾಯಿಂಟುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಇಂಚಿನ ಸಾವಿರದಲ್ಲಿ 15 ಭಾಗದಷ್ಟು, ಅಂದರೆ ಸುಮಾರು ನಾಲ್ಕು ಹಾಳೆ ಕಾಗದದ ದಪ್ಪ. ಫೀಲರ್ ಗೇಜ್ ಎಂಬ ಅಗ್ಗದ ಸಲಕರಣೆಯಿಂದ ಇದನ್ನು ಅಳೆಯಬಹುದು.

ಕಿಕ್ ಮತ್ತು ಬ್ರೇಕ್

ಬುಲೆಟ್ಟಿನ ಕಿಕ್ಕಿಗೆ ಕ್ರಮವಿದೆ. ಮೆಲ್ಲನೆ ಒತ್ತುತ್ತಾ ಹೋದರೆ ಒಂದು ಕಡೆ ಗಟ್ಟಿಯಾಗುತ್ತದೆ. ಅಲ್ಲಿ ಡಿಕಂಪ್ರೆಸರ್ ಲಿವರ್ ಹಿಡಿದು ಸ್ವಲ್ಪವೇ ಮುಂದೆ ದಾಟಿಸಿ, ಲಿವರ್ ಬಿಟ್ಟು, ಕಿಕ್ಕನ್ನು ಮೇಲಕ್ಕೆ ತಂದು ಒಮ್ಮೆ ಪೂರ್ತಿಯಾಗಿ ಒತ್ತಬೇಕು. ಕ್ರಮ ತಪ್ಪಿದರೆ ಕಿಕ್ ತಿರುಗಿ ಹೊಡೆದು ಕಾಲು ಮುರಿದೀತು. ಚಪ್ಪಲಿ ಬೇಡ, ಗಟ್ಟಿ ಶೂ ಬೇಕು.

ಇನ್ನೊಂದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಿ. ಹಳೆಯ ಬ್ರಿಟಿಷ್ ಬೈಕುಗಳಲ್ಲೂ ಹಳೆಯ ಬುಲೆಟ್ಟಿನಲ್ಲೂ ಗೇರು ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಇಂದಿನ ಬೈಕಿನಲ್ಲಿ ಪಳಗಿದ ಹುಡುಗ ಗಾಬರಿಯಾದಾಗ ಬಲಗಾಲು ಒತ್ತುತ್ತಾನೆ. ಬ್ರೇಕ್ ಹಿಡಿಯುವುದಿಲ್ಲ, ಗೇರು ಬದಲಾಗುತ್ತದೆ. ಖಾಲಿ ಮೈದಾನದಲ್ಲಿ ಕಾಲು ಹೊಸ ಪಾಠ ಕಲಿಯುವ ತನಕ ರಸ್ತೆಗೆ ಬಿಡಲೇಬೇಡಿ. ಟಯರ್ ನೋಡಲು ಚೆನ್ನಾಗಿದ್ದರೂ ವರ್ಷ ಕಳೆದರೆ ರಬ್ಬರ್ ಗಟ್ಟಿಯಾಗಿ ಬಿರಿದಿರುತ್ತದೆ. ಅದನ್ನು ಬದಲಿಸಲು ಜಿಪುಣತನ ಬೇಡ.

ಮನೆಯವರು ಗಮನಿಸಬೇಕಾದದ್ದು

ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತದೆ. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ. ಡ್ರಮ್ ಬಿಚ್ಚಿದಾಗ ಬಾಯಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಚಾಲೂ ಮಾಡಬೇಡಿ, ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಅಡುಗೆಮನೆಯ ಹತ್ತಿರವಂತೂ ಸುಳಿಯಬಾರದು. ಹಿಂದೆ ಕುಳಿತುಕೊಳ್ಳುವ ಸಹೋದರಿಯರು ಬುರ್ಖಾ, ದುಪಟ್ಟಾ, ಸೆರಗುಗಳನ್ನು ಒಳಗೆ ಸಿಕ್ಕಿಸಿಕೊಳ್ಳಿ. ಚೈನಿಗೂ ಚಕ್ರದ ಕಡ್ಡಿಗಳಿಗೂ ಬಟ್ಟೆ ಸಿಕ್ಕಲು ಒಂದು ಕ್ಷಣ ಸಾಕು.

ಇಂಜಿನ್ ಬಿಡಿಸುವುದು, ಸಿಲಿಂಡರ್ ಬೋರ್ ಮಾಡಿಸುವುದು, ಮ್ಯಾಗ್ನೆಟೊ ಸುತ್ತಿಸುವುದು ನುರಿತವರ ಕೆಲಸ. ಹಳೆಯ ಬುಲೆಟ್ಟಿನ ಕೈ ಪಳಗಿರುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಳ್ಳಿ. ಅವರು ಕೆಲಸ ಮಾಡುವಾಗ ಮಗನನ್ನೂ ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿ. ಆದರೆ ಒರೆಸುವುದು, ಆಯಿಲ್ ಬದಲಿಸುವುದು, ಚೈನಿಗೆ ಎಣ್ಣೆ ಹಚ್ಚುವುದು, ಪ್ಲಗ್ ಉಜ್ಜುವುದು, ನಟ್ಟು ಬಿಗಿಯಾಗಿದೆಯೇ ನೋಡುವುದು, ಮಾಡಿದ್ದನ್ನು ದಿನಾಂಕ ಹಾಕಿ ಬರೆದಿಡುವುದು ಮನೆಯಲ್ಲೇ ಆಗಲಿ.

ಹೊಸ ಯಂತ್ರಗಳು ತಮ್ಮ ತಪ್ಪನ್ನು ಒಂದು ದೀಪ ಉರಿಸಿ ತಿಳಿಸುತ್ತವೆ. ಹಳೆಯದಕ್ಕೆ ಆ ನಾಲಗೆಯಿಲ್ಲ. ಅದು ಸದ್ದಿನಲ್ಲಿ, ವಾಸನೆಯಲ್ಲಿ, ನೆಲದ ಮೇಲೆ ಬಿದ್ದ ಎಣ್ಣೆಯ ಹನಿಯಲ್ಲಿ ಹೇಳುತ್ತದೆ. ಕೇಳಿಸಿಕೊಳ್ಳುವವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ಆ ಬೈಕು ಗುಜರಿಗೆ ಹೋಗುವುದಿಲ್ಲ, ಅದನ್ನೇರಿದ ಮಕ್ಕಳೂ ಕ್ಷೇಮವಾಗಿ ಮನೆಗೆ ಮರಳುತ್ತಾರೆ.