ಗಾಯ ತೋರಿಸು ಅನ್ನುವವರಿಗೆ



ಹಾಸ್ಟೆಲಿನಲ್ಲಿ ಕಾಲು ಮುರಿದುಕೊಂಡವನಿಗೆ ಒಂದು ಮರ್ಯಾದೆ ಇದೆ. ಅವನ ಊಟದ ತಟ್ಟೆ ರೂಮಿಗೇ ಬರುತ್ತದೆ. ವಾರ್ಡನ್ ಕೂಡ ಬಾಗಿಲಲ್ಲಿ ನಿಂತು 'ಹೆಂಗಿದ್ದೀಯಪ್ಪಾ' ಅನ್ನುತ್ತಾರೆ. ಅದೇ ಸಾಲಿನ ಇನ್ನೊಂದು ರೂಮಿನಲ್ಲಿ ಒಬ್ಬ ಹುಡುಗ ಗೋಡೆ ಕಡೆ ಮುಖ ಮಾಡಿ ಮುದುರಿಕೊಂಡು ಮಲಗಿರುತ್ತಾನೆ. ಕಾಲು ನೆಟ್ಟಗಿದೆ, ಕೈ ನೆಟ್ಟಗಿದೆ, ಎಲ್ಲೂ ರಕ್ತ ಸೋರುತ್ತಿಲ್ಲ. ಮೊನ್ನೆ ವಾಲಿಬಾಲ್ ಆಡಿದ್ದಾನೆ. ಇವತ್ತು ಮೂಳೆಯೊಳಗೆ ನೋವು, ಏಳಕ್ಕಾಗಲ್ಲ ಅನ್ನುತ್ತಾನೆ. ಅವನಿಗೆ ಸಿಗುವ ಮಾತೇ ಬೇರೆ: 'ಏನ್ಲಾ, ತಿಂಗ್ಳಿಗೊಂದ್ ಸಲ ನಾಟ್ಕನಾ ನಿಂದು?'

ಈ ಸಂಚಿಕೆಯಲ್ಲಿ ನಾವು ಈ ಎರಡನೆಯವನ ಪರವಾಗಿ ಬರೆಯುತ್ತಿದ್ದೇವೆ. ಕಣ್ಣಿಗೆ ಕಾಣದ ಅಂಗವೈಕಲ್ಯಗಳು ಬಹಳ ಇವೆ. ಮನಸ್ಸಿನ ಕಾಯಿಲೆ, ಅರ್ಧ ಕಿವುಡು, ಅಕ್ಷರ ಕೂಡಿಸಲಾಗದ ತೊಡಕು, ಇನ್ನೂ ಎಷ್ಟೋ. ಕಾಡಂಚಿನ ಹಾಡಿ, ಪೋಡುಗಳಿಂದ ಓದಕ್ಕೆ ಬಂದ ನಮ್ಮ ತಮ್ಮಂದಿರು, ತಂಗಿಯರಿಗೆ ತೀರಾ ಹತ್ತಿರದ್ದು ಸಿಕಲ್ ಸೆಲ್. ಅದೊಂದನ್ನೇ ಹಿಡಿದು ಮಾತಾಡೋಣ.

ಸಿಕಲ್ ಅಂದರೆ ಕುಡುಗೋಲು. ನಮ್ಮ ಕಡೆ ಕುಡ್ಲು ಅಂತೀವಿ. ರಕ್ತದ ಕೆಂಪು ಕಣ ದುಂಡಗೆ, ಮೆತ್ತಗೆ ಇರಬೇಕು. ಈ ಕಾಯಿಲೆ ಇದ್ದವರಲ್ಲಿ ಅದು ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಗಡುಸಾಗಿ ಕುಡ್ಲಿನ ಹಾಗೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಕಾಲುವೆಗೆ ಮುಳ್ಳುಕಂಟಿ ಬಿದ್ದು ನೀರು ನಿಂತ ಹಾಗೆ. ಮುಂದಿನ ಮೂಳೆಗೆ, ಮಾಂಸಕ್ಕೆ ಆಮ್ಲಜನಕ ತಲುಪದೆ ನೋವು ಏಳುತ್ತದೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ. ಒಳ್ಳೆಯ ಕಣ ಸುಮಾರು 120 ದಿನ ಬದುಕಿದರೆ ಇದು 10-20 ದಿನಕ್ಕೇ ಸಾಯುತ್ತದೆ. ಹಾಗಾಗಿ ರಕ್ತ ಯಾವಾಗಲೂ ಕಮ್ಮಿ, ಸುಸ್ತು ಯಾವಾಗಲೂ ಜಾಸ್ತಿ. ಚಳಿ, ನೀರಿಲ್ಲದೆ ಮೈ ಒಣಗುವುದು, ಜ್ವರ, ಮೈಮುರಿಯುವ ದುಡಿಮೆ ಇವೆಲ್ಲ ನೋವನ್ನು ಎಬ್ಬಿಸುತ್ತವೆ. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಮನುಷ್ಯ ಎಲ್ಲರ ಹಾಗೇ ಕಾಣುತ್ತಾನೆ. ಎಲ್ಲರ ಹಾಗೆ ಕಾಣುವುದೇ ಅವನ ಮೇಲಿನ ಆರೋಪ!

ಈ ಕಾಯಿಲೆ ವೈದ್ಯಶಾಸ್ತ್ರದ ಪುಸ್ತಕ ಸೇರಿದ್ದೇ ಒಬ್ಬ ಕಪ್ಪು ವಿದ್ಯಾರ್ಥಿಯ ಮೈಯಿಂದ. ಗ್ರೆನಡಾ ದ್ವೀಪದಿಂದ ದಂತವೈದ್ಯ ಓದಲು ಶಿಕಾಗೋಗೆ ಹೋಗಿದ್ದ ಯುವಕ ಅವನು. 1904ರಲ್ಲಿ ಆಸ್ಪತ್ರೆ ಸೇರಿದಾಗ ಅವನ ರಕ್ತದಲ್ಲಿ ಬಾಗಿದ ಕಣಗಳು ಕಂಡವು. 1910ರಲ್ಲಿ ಜೇಮ್ಸ್ ಹೆರಿಕ್ ಅನ್ನುವ ವೈದ್ಯರು ಅದನ್ನು ಪ್ರಕಟಿಸಿದರು. ಅವನು ಓದು ಮುಗಿಸಿ, ಊರಿಗೆ ಹೋಗಿ ದಂತವೈದ್ಯನಾಗಿ, 1916ರಲ್ಲಿ ಇನ್ನೂ ಎಳೆ ವಯಸ್ಸಿನಲ್ಲೇ ತೀರಿಕೊಂಡ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ರಾಜ್ಯದ ಜೇನುಕುರುಬರಲ್ಲಿ, ಸೋಲಿಗರಲ್ಲಿ ಇದೆ. ವಿದರ್ಭದ ಮಹಾರರಲ್ಲಿ ಇದೆ. ಆಫ್ರಿಕಾದಲ್ಲಿ, ಅರಬ್ ನಾಡುಗಳಲ್ಲಿ, ಗ್ರೀಸಿನಲ್ಲೂ ಇದೆ. ಯಾಕೆ? ಈ ಗುಣವನ್ನು ತಾಯಿ ತಂದೆಯರಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೆ ಮಲೇರಿಯಾ ಅಷ್ಟಾಗಿ ಕೊಲ್ಲುವುದಿಲ್ಲ. ಮಲೇರಿಯಾ ಇದ್ದ ಕಡೆ ಅವರು ಉಳಿದರು, ಗುಣವೂ ಉಳಿಯಿತು. ಇಬ್ಬರಿಂದಲೂ ಪಡೆದ ಮಗುವಿಗೆ ಕಾಯಿಲೆ. ಇದು ಸೊಳ್ಳೆಯ ಲೆಕ್ಕ. ಹಿಂದಿನ ಜನ್ಮದ ಪಾಪವೂ ಅಲ್ಲ, ಜಾತಿಯ ದೋಷವೂ ಅಲ್ಲ. ಮುಟ್ಟಿದರೆ ಅಂಟುವುದಂತೂ ಅಲ್ಲವೇ ಅಲ್ಲ.

ಈಗ ಒಂದು ಬೈಗುಳದ ಬಗ್ಗೆ ಯೋಚನೆ ಮಾಡಿ. ಮೈಗಳ್ಳ. ನಮ್ಮ ಅಪ್ಪಂದಿರು, ತಾತಂದಿರು ಒಡೆಯರ ಹೊಲದಲ್ಲಿ ದಿನಾ ಕೇಳಿದ ಮಾತು ಇದು. ಮೈಯನ್ನು ಕದ್ದವನು ಅಂತ ಅರ್ಥ. ಯಾರ ಮೈ? ಅವನದೇ. ಯಾರಿಂದ ಕದ್ದ? ಒಡೆಯನಿಂದ! ನಿನ್ನ ಮೈ ನಿನ್ನದಲ್ಲ ಅನ್ನುವ ಜೀತದ ಲೆಕ್ಕ ಆ ಒಂದು ಪದದೊಳಗೇ ಕೂತಿದೆ. ಜೀತಪದ್ಧತಿ ನಿಷೇಧದ ಕಾನೂನು 1976ರಲ್ಲಿ ಬಂತು. ಪದಕ್ಕೆ ಯಾವ ಕಾನೂನೂ ಬರಲಿಲ್ಲ. ಆ ಪದವನ್ನು ಹಾಸ್ಟೆಲಿನ ಪಡಸಾಲೆಯಲ್ಲಿ ಒಬ್ಬ ಕೂಲಿಯವನ ಮಗ ಇನ್ನೊಬ್ಬ ಕೂಲಿಯವನ ಮಗನಿಗೆ ಅಂದರೆ, ಒಡೆಯ ಹೊಲದಲ್ಲಿ ಇಲ್ಲ, ನಮ್ಮ ನಾಲಗೆ ಮೇಲೆ ಇದ್ದಾನೆ ಅಂತಲೇ ಅರ್ಥ.

ಇನ್ನೊಂದು ಮಾತು ಇದಕ್ಕಿಂತ ನಯವಾದದ್ದು, ಹಾಗಾಗಿ ಇನ್ನೂ ಚುಚ್ಚುವಂಥದ್ದು. 'ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದ್ತಿದ್ರು, ನಿಂಗೇನ್ ಬಂದಿರೋದು?' ಗೋಡೆಯ ಮೇಲಿನ ಪಟದಲ್ಲಿ ಸೂಟು ಕಾಣುತ್ತದೆ, ಕೈಯಲ್ಲಿನ ಪುಸ್ತಕ ಕಾಣುತ್ತದೆ. ಕೊನೆಯ ವರ್ಷಗಳಲ್ಲಿ ಅವರನ್ನು ಹಣ್ಣು ಮಾಡಿದ ಸಕ್ಕರೆ ಕಾಯಿಲೆ ಕಾಣುತ್ತದೆಯೇ? ರಾತ್ರಿ ನಿದ್ದೆ ಕೆಡಿಸುತ್ತಿದ್ದ ಕಾಲಿನ ನರಗಳ ನೋವು ಕಾಣುತ್ತದೆಯೇ? ಅವರೂ ಚಿಕಿತ್ಸೆಗಾಗಿ ಮುಂಬಯಿಗೆ ಹೋದವರೇ. ಇನ್ನೊಂದು ನೆನಪಿಡಿ. ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದರು. ತಾನು ಹಗಲು ರಾತ್ರಿ ದುಡಿದ ಮನುಷ್ಯ ಕೂಲಿಕಾರರಿಂದ ಅದನ್ನು ಕೇಳಲಿಲ್ಲ. ಅವರಿಗೆ ಬಿಡುವು ಕೇಳಿದರು. ಅಂಥವರ ಹೆಸರನ್ನು ಕಾಯಿಲೆಯವನ ಬೆನ್ನಿಗೆ ಬಾರಿಸುವ ಕೋಲು ಮಾಡಬೇಡಿ.

ಸರ್ಕಾರ ಏನು ಮಾಡಿದೆ, ಅದನ್ನೂ ನೋಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಸಿಕಲ್ ಸೆಲ್ ಕೂಡ ಅದರಲ್ಲಿದೆ. ನೂರಕ್ಕೆ 40ರಷ್ಟು ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ, ಅನುದಾನಿತ ಕಾಲೇಜುಗಳ ಉನ್ನತ ಶಿಕ್ಷಣದ ಶೇಕಡಾ 5ರ ಮೀಸಲಾತಿಗೆ ಅರ್ಜಿ ಹಾಕಬಹುದು. ಇದು ಗೊತ್ತಿರುವ ಹುಡುಗರು ನಮ್ಮಲ್ಲಿ ಎಷ್ಟು ಜನ? ಆದರೆ ಅದೇ ಕಾಯ್ದೆಯ ಶೇಕಡಾ 4ರ ಉದ್ಯೋಗ ಮೀಸಲಾತಿಯ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳನ್ನು ಕೈಬಿಟ್ಟಿದ್ದಾರೆ. ಅಂದರೆ ಓದುವಾಗ ನೀನು ಅಂಗವಿಕಲ, ಕೆಲಸ ಕೇಳುವಾಗ ಅಲ್ಲ! ಕಾಯಿಲೆ ಏನು ಡಿಗ್ರಿ ಸರ್ಟಿಫಿಕೇಟ್ ನೋಡಿ ಬಿಟ್ಟು ಹೋಗುತ್ತದೆಯೇ?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಯೋಜನೆ ಶುರುವಾಯಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ಕ್ಕೆ ಗುರಿ ಅಂತ ಹೇಳಿದರು. ಪರೀಕ್ಷೆ ಬೇಕು, ಬೇಡ ಅನ್ನುವುದಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಹಾಡಿಯಲ್ಲಿ ರಕ್ತ ತೆಗೆದುಕೊಂಡು ಹೋದವರು ಫಲಿತಾಂಶವನ್ನು ಜನರ ಮಾತಿನಲ್ಲಿ ಬಿಡಿಸಿ ಹೇಳಬೇಕಲ್ಲವೇ? ಹೆಸರು ಬರೆದುಕೊಂಡ ಮೇಲೆ ಔಷಧಿ ಕೊಡಬೇಕಲ್ಲವೇ? ಹೈಡ್ರಾಕ್ಸಿಯೂರಿಯಾ ಅನ್ನುವ ಹಳೆಯ ಔಷಧಿ ಇದೆ. ವೈದ್ಯರ ನಿಗಾದಲ್ಲಿ ದಿನಾ ನುಂಗಿದರೆ ನೋವಿನ ಸರದಿಗಳು ಕಮ್ಮಿಯಾಗುತ್ತವೆ. 2023ರ ಕೊನೆಗೆ ಬ್ರಿಟನ್, ಅಮೆರಿಕಗಳಲ್ಲಿ ಜೀನನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಅದಕ್ಕೆ ಇಟ್ಟ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್. ಅದು ನಮ್ಮ ಕೈಗೆ ಬರುವ ದಿನ ಬರಲಿ. ಅಲ್ಲಿಯವರೆಗೆ ಈ ಹಳೆಯ ಔಷಧಿ ಹೋಬಳಿ ಆಸ್ಪತ್ರೆಯಲ್ಲಿ ತಪ್ಪದೆ ಸಿಗಲಿ.

ಪರೀಕ್ಷೆಯ ಕಾರ್ಡಿನ ಬಗ್ಗೆ ಒಂದು ಎಚ್ಚರಿಕೆ. ಒಬ್ಬರಿಂದ ಮಾತ್ರ ಗುಣ ಬಂದವರು ವಾಹಕರು, ರೋಗಿಗಳಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ತಿಳಿದು ಅವರೇ ತೀರ್ಮಾನ ಮಾಡಲಿ. ಆದರೆ ಕಾರ್ಡು ನೋಡಿ 'ಆ ಹುಡುಗಿ ಬೇಡ' ಅಂತ ಊರೆಲ್ಲ ಸಾರಿದರೆ, ಅದು ಪೇಶ್ವೆಗಳ ಕಾಲದಲ್ಲಿ ನಮ್ಮವರ ಕೊರಳಿಗೆ ಕಟ್ಟಿದ ಗಡಿಗೆಯೇ ಆಗುತ್ತದೆ. ಹೆಣ್ಣುಮಕ್ಕಳು ಈ ಭಯಕ್ಕೇ ನೋವನ್ನು ಹಲ್ಲು ಕಚ್ಚಿ ಮುಚ್ಚಿಡುತ್ತಾರೆ.

ಹಾಗಾದರೆ ಮಾಡಬೇಕಾದ್ದು ಏನು?

ಒಂದು: ನೋವು ಅಂದವರನ್ನು ಮೊದಲು ನಂಬಿ. ಗಾಯ ಆಮೇಲೆ ಹುಡುಕೋಣ.

ಎರಡು: ಪ್ರತಿ ಹಾಸ್ಟೆಲಿನಲ್ಲೂ ಕುಡಿಯುವ ನೀರು ಹಗಲು ರಾತ್ರಿ ಸಿಗಬೇಕು. ಚಳಿಗಾಲದಲ್ಲಿ ಬಿಸಿನೀರು, ದಪ್ಪ ಕಂಬಳಿ ಬೇಕು. ಇವು ಸುಖದ ಸಾಮಾನಲ್ಲ, ಕೆಲವರಿಗೆ ಇವೇ ಔಷಧಿ.

ಮೂರು: ಈ ಕಾಯಿಲೆಯವರಿಗೆ ಜ್ವರ, ಎದೆನೋವು, ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬಾರದು. ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಾಲ್ಕು: ನೋವಿನ ದಿನಗಳನ್ನು ಹಾಜರಿಯಲ್ಲಿ ಕಳೆಯಬಾರದು. ತಪ್ಪಿದ ಪಾಠದ ನೋಟ್ಸು ಬರೆದುಕೊಡುವುದು ರೂಂಮೇಟುಗಳ ಕೆಲಸ.

ಐದು: ಪರೀಕ್ಷೆ ಅವರ ಒಪ್ಪಿಗೆಯಿಂದ ಆಗಬೇಕು. ಫಲಿತಾಂಶ ಅವರ ಕೈಗೆ ಹೋಗಬೇಕು, ನೋಟೀಸು ಬೋರ್ಡಿಗಲ್ಲ.

ಆರು: ಉದ್ಯೋಗ ಮೀಸಲಾತಿಯ ಪಟ್ಟಿಗೆ ರಕ್ತದ ಕಾಯಿಲೆಗಳೂ ಸೇರಬೇಕು. ಇದನ್ನು ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಬರೆಯೋಣ.

ಮುಂದಿನ ಸಭೆಗೆ ಬರುವಾಗ ಬರಿಗೈಯಲ್ಲಿ ಬರಬೇಡಿ. ನಿಮ್ಮ ಹಾಸ್ಟೆಲಿನಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಕಂಬಳಿ ಎಷ್ಟು ಇವೆ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧಿ ಇದೆಯೋ ಇಲ್ಲವೋ ನೋಡಿ ಬರೆದುಕೊಂಡು ಬನ್ನಿ. ಯಾರ ಹೆಸರೂ ಬೇಡ, ಲೆಕ್ಕ ಸಾಕು. ಅದನ್ನು ಹಿಡಿದುಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಎಲ್ಲರೂ ಒಟ್ಟಿಗೆ ಹೋಗೋಣ. ಅವತ್ತು ನೋವಿನಿಂದ ಬರಲಾಗದವರ ಪಾಲಿನ ಘೋಷಣೆಯನ್ನೂ ನಾವೇ ಕೂಗೋಣ.